ಟೆಟ್ಲೋ ಆಡದ ಕೊನೆಯ ಸಾಲು

ಆಂಬ್ರೋಸ್ ಟೆಟ್ಲೋ ಸಿನಿಮಾದಲ್ಲಿ ಬಾಗಿಲು ತೆರೆದು ತೆರೆದೇ ಜನರಿಗೆ ಮುಖಪರಿಚಯವಾದವರು. ಇಪ್ಪತ್ತೆರಡು ವರ್ಷ, ನಲವತ್ತು ಚಿತ್ರ. ಎಲ್ಲದರಲ್ಲೂ ಯಾರದೋ ಬಂಗಲೆಯ ಬಟ್ಲರ್. ಅದಕ್ಕೂ ಮುಂಚೆ ಇಂಗ್ಲೆಂಡಿನ ಉತ್ತರದ ಹ್ಯಾಲಿಫ್ಯಾಕ್ಸ್ ಊರಿನ ನೇಯ್ಗೆ ಗಿರಣಿಯಿಂದ ಓಡಿಬಂದು, ಊರೂರು ಅಲೆದು, ವಾರಕ್ಕೊಂದು ಹೊಸ ನಾಟಕ ಬಾಯಿಪಾಠ ಮಾಡಿ ಆಡಿದ್ದರು. ಐವತ್ತೆಂಟನೇ ಇಸವಿಯಲ್ಲಿ, ಅವರಿಗೆ ಅರವತ್ತೆಂಟಾಗಿದ್ದಾಗ, ಲಂಡನ್ನಿನ ನಮ್ಮ ರಂಗಮಂದಿರ ಅವರನ್ನು ಮುಖ್ಯ ಪಾತ್ರಕ್ಕೆ ಕರೆಯಿತು. ನಾನಲ್ಲಿ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ಕೂತು, ಮಾತು ಮರೆತವರಿಗೆ ಎತ್ತಿಕೊಡುವವಳು.

ಮೊದಲ ದಿನವೇ ಚಹಾದ ಕಪ್ಪು ಹಿಡಿದು ನನ್ನ ಬಳಿ ಬಂದರು.

"ವಿನಿ, ಯಾರಿಗೂ ಹೇಳ್ಬೇಡ. ನನ್ನ ತಲೆ ಈಗ ತೂತು ಮಡಿಕೆ ಕಣಮ್ಮ. ಸಿನಿಮಾದಲ್ಲಿ ಒಂದೊಂದೇ ಸಾಲು, ಹೆಂಗೋ ನಡೀತು. ಇದ್ರಲ್ಲಿ ಎಡವಿದ್ರೆ ನಾನಿನ್ನು ರಂಗ ಹತ್ತಲ್ಲ."

"ಎಡವೋಕೆ ನಾನು ಬಿಡ್ಬೇಕಲ್ಲ," ಎಂದೆ. ಆಗ ನನಗೂ ಜಂಭ ಕಡಿಮೆಯಿರಲಿಲ್ಲ.

ಆರು ವಾರ ಊಟದ ಹೊತ್ತಿನಲ್ಲೂ ಕೂರಿಸಿ ಹೇಳಿಸಿದೆ. ಎಲ್ಲವೂ ಗಟ್ಟಿಯಾಯಿತು, ಒಂದು ಸಾಲು ಬಿಟ್ಟು. ನಾಟಕದ ಕಟ್ಟಕಡೆಯ ಮಾತನ್ನು ನಮ್ಮ ರಂಗದವರು ತಾಲೀಮಿನಲ್ಲಿ ಆಡುವುದಿಲ್ಲ. ಆಡಿದರೆ ನಾಟಕ ಮುಳುಗುತ್ತದೆಂದು ನಂಬಿಕೆ. ಅದು ಆಂಬ್ರೋಸರ ಪಾತ್ರದ್ದೇ ಮಾತು, ಮನೆ ಬಿಟ್ಟುಹೋದ ಮಗಳನ್ನು ಕುರಿತದ್ದು: "ಬಾಗಿಲು ತೆಗೆದೇ ಇರಲಿ, ಅವಳ ಹತ್ರ ಬೀಗದಕೈ ಇಲ್ಲ." ಆ ಜಾಗ ಬಂದಾಗ ಅವರು "ಟಂ ಟಟ ಟಂ" ಎನ್ನುತ್ತಿದ್ದರು, ಎಲ್ಲರೂ ನಗುತ್ತಿದ್ದೆವು. ಮನೆಯಲ್ಲಾದರೂ ಹೇಳಿಕೊಳ್ಳಿ ಎನ್ನಬಹುದಿತ್ತು. ನಾನೂ ರಂಗದವಳೇ ತಾನೆ, ಎನ್ನಲಿಲ್ಲ.

ಮೊದಲ ಪ್ರದರ್ಶನದ ಸಂಜೆ ಅವರೇ ಹೇಳಿದರು: "ಕೊನೇ ಮಾತಿಗೆ ಮುಂಚೆ ಸ್ವಲ್ಪ ತಡೀತೀನಿ. ಆತುರ ಬಿದ್ದು ಬಾಯಿ ಹಾಕ್ಬೇಡ."

ಎರಡೂವರೆ ಗಂಟೆ ಒಂದಕ್ಷರ ತಪ್ಪಲಿಲ್ಲ. ಕೊನೆಗೆ ಬಾಗಿಲ ಬಳಿ ನಿಂತು ತಡೆದರು. ನಾನೂ ತಡೆದೆ. ಆಮೇಲೆ ಅವರ ಕತ್ತು ನನ್ನತ್ತ ತುಸು ತಿರುಗಿತು. ಆ ಕಣ್ಣು ಕಂಡಾಗ ತಿಳಿಯಿತು, ಮಾತು ಹೋಗಿಬಿಟ್ಟಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ, ನಾಟಕ ಮುಗಿಯಿತೆಂದುಕೊಂಡು ಪರದೆಯವನು ಪರದೆ ಇಳಿಸಿದ. ಹೊಳೆಯೆಲ್ಲ ಈಜಿ ದಡದಲ್ಲಿ ಮುಳುಗಿದರು.

ಚಪ್ಪಾಳೆ ನಿಲ್ಲಲೇ ಇಲ್ಲ. ಮರುದಿನ ಪತ್ರಿಕೆಗಳು ಆ ಮೌನವನ್ನೇ ಹೊಗಳಿದವು. ನಿರ್ದೇಶಕ ನನ್ನ ಪುಸ್ತಕದಲ್ಲಿ ಆ ಸಾಲಿನ ಮೇಲೆ ಗೀಟು ಎಳೆದು ಹೊಡೆದುಹಾಕಿದ. "ಹಿಂಗೇ ಇರ್ಲಿ ಟೆಟ್ಲೋ. ಎಂಥಾ ಐಡಿಯಾ ರೀ ನಿಮ್ದು." ಆಂಬ್ರೋಸ್ ತಲೆಯಾಡಿಸಿದರು. ಇನ್ನೂರ ಹನ್ನೊಂದು ಪ್ರದರ್ಶನ ಆ ಬಾಗಿಲ ಬಳಿ ಬಾಯಿ ಮುಚ್ಚಿ ನಿಂತರು. ಮೊದಮೊದಲು ನಾನು ಆ ಗೀಟಿನ ಮೇಲೆ ಬೆರಳಿಟ್ಟುಕೊಂಡೇ ಕೂರುತ್ತಿದ್ದೆ. ಆಮೇಲೆ ಅದನ್ನೂ ಬಿಟ್ಟೆ.

ನಾಟಕ ಮುಗಿದ ವಾರ ಮೂರು ನಾಟಕ ಕಂಪನಿಗಳು ಕರೆದವು. ಮೂರಕ್ಕೂ ಒಲ್ಲೆನೆಂದರು. ಮುದುಕನಿಗೆ ಸೊಕ್ಕು ಎಂದರು ಜನ. ಕಾರಣ ಬಲ್ಲವಳು ನಾನೊಬ್ಬಳೇ.

ಆರು ವರ್ಷದ ಮೇಲೆ, ವಯಸ್ಸಾದ ನಟರು ಇರುವ ಮನೆಯಲ್ಲಿ ಅವರನ್ನು ಕಂಡೆ. ನನ್ನ ಗುರುತು ಹತ್ತಲಿಲ್ಲ. ಹೊರಡುವ ಮುಂಚೆ ಆ ಸಾಲನ್ನು ಮೆಲ್ಲಗೆ ಎತ್ತಿಕೊಟ್ಟೆ. ಕಿವಿಗೊಟ್ಟು ಕೇಳಿದರು.

"ಚೆನ್ನಾಗಿದೆ. ಯಾರ ಮಾತದು?"

"ನಿಮ್ದೇ."

"ನಂಗ್ಯಾರು ಕೊಡ್ತಾರಮ್ಮ ಅಷ್ಟು ಒಳ್ಳೇ ಮಾತು?" ಎಂದು ಎದ್ದು, ಬೆನ್ನು ನೆಟ್ಟಗೆ ಮಾಡಿ, ನನಗಾಗಿ ಬಾಗಿಲು ತೆರೆದು ಹಿಡಿದರು.