ಸರಿಸಿದ ಮುಳ್ಳುಕಂಟಿ

ಕುಷ್ಟಗಿಯ ದೇವೇಂದ್ರಪ್ಪ ಮೂವತ್ತೊಂದು ವರ್ಷ ಊರೂರು ಸುತ್ತಿ ಜಮೀನು ಅಳೆದ ಸರ್ವೆಯರು. ಹೆಂಡತಿ ಸುರೇಖಾ ಹೇಳುವಂತೆ ಆತನ ಬಾಯಲ್ಲಿ ಬಾರದ ಮಾತು ಒಂದೇ, "ತಪ್ಪಾತು." ಮದುವೆ ಮನೆಯ ದಾರಿ ತಪ್ಪಿದರೆ, ಮದುವೆಯವರೇ ಮನೆ ಬದಲಿಸಿದ್ದಾರೆ ಎನ್ನುವ ಆಸಾಮಿ. ಕಳೆದ ಕಾರ್ತಿಕದಲ್ಲಿ ಬೆಳಗಿನ ವಾಕಿಂಗಿನ ಗೆಳೆಯರನ್ನು ಗಂಗಾವತಿ ಕಡೆಯ ಗುಡ್ಡ ಹತ್ತಿಸಲು ಹೊರಡಿಸಿದವನೂ ಈತನೇ.

"ಅಲ್ಲಿ ಕಲ್ಲು ಕಲ್ಲು ನನಗ ಗೊತ್ತೈತಿ. ಸುಮ್ನ ನನ್ನ ಹಿಂದ ಬರ್ರಿ" ಎಂದ. ಹೈಸ್ಕೂಲು ಮಾಸ್ತರ ಯಂಕೇಶ ಒಪ್ಪಿದ. ಟೇಲರ್ ಶಾಮೀದಸಾಬನೂ ತನ್ನ ದಪ್ಪ ದೇಹ ಹೊತ್ತುಕೊಂಡು, ಗೆಳೆಯನನ್ನು ನಂಬಿ ಬಂದ.

ಶನಿವಾರ ಗುಡ್ಡದ ಬುಡದಲ್ಲಿ ಆಡು ಮೇಯಿಸುವ ಮಾರೆವ್ವ ಸಿಕ್ಕಳು. "ಈ ಸಲದ ಮಳಿಗೆ ಹಳೇ ದಾರಿ ಕಲ್ಲು ಸಡ್ಲಾಗ್ಯಾವ್ರಿ. ಅಲ್ಲಿ ಮುಳ್ಳುಕಂಟಿ ಅಡ್ಡ ಇಟ್ಟೀನಿ. ಕಂಟಿ ಕಂಡಲ್ಲಿ ಇಳೀಬ್ಯಾಡ್ರಿ" ಎಂದಳು.

ಮೇಲಿನ ಗುಡಿಯ ಕಟ್ಟೆಯ ಮೇಲೆ ರೊಟ್ಟಿ, ಶೇಂಗಾ ಚಟ್ನಿ ತಿಂದು, ಹರಟೆ ಹೊಡೆದು ಮಲಗಿದರು. ಭಾನುವಾರ ಇಳಿಯುವಾಗ ದೇವೇಂದ್ರಪ್ಪ ಎಲ್ಲರಿಗಿಂತ ಮುಂದೆ. ಕಂಟಿ ಕಂಡಿತು. ಅದು ಆತ ಇಪ್ಪತ್ತು ವರ್ಷದ ಹಿಂದೆ ಅಳತೆಯ ಸರಪಳಿ ಹಿಡಿದು ಇಳಿದ ದಾರಿ. ಆಡು ಕಾಯುವ ಮುದುಕಿ ತನಗೆ ದಾರಿ ಹೇಳುವುದೇ! ಅಳತೆಗೆ ಅಡ್ಡ ಬಂದ ಬೇಲಿಯನ್ನು ಜೀವಮಾನವಿಡೀ ಸರಿಸಿದ ಕೈ ಇದನ್ನೂ ಎಳೆದು ಪೊದೆಯ ಹಿಂದೆ ಎಸೆಯಿತು. ಆತ ದಾಟಿದ, ಏನೂ ಆಗಲಿಲ್ಲ. ಹಿಂದೆ ಬಂದ ಶಾಮೀದಸಾಬ ಕಾಲಿಟ್ಟ ಕಲ್ಲು ಜಾರಿತು. ಮೊಣಕಾಲ ಕೆಳಗೆ ಎಲುಬು ಮುರಿಯಿತು.

ಕೂಗು ಕೇಳಿ ಮಾರೆವ್ವ ಓಡಿ ಬಂದಳು. "ಕಂಟಿ ಇಟ್ಟೀನಿ ಅಂದಿದ್ಯಲ್ಲಬೇ, ಎಲ್ಲೈತಿ?" ಎಂದು ಯಂಕೇಶ ಹರಿಹಾಯ್ದ.

ಮುದುಕಿ ಅತ್ತಿತ್ತ ನೋಡಿದಳು. "ಇಟ್ಟಿದ್ನಲ್ಲರಿ... ಇಡಲಿಲ್ಲೇನು ನಾ?"

ದೇವೇಂದ್ರಪ್ಪ ಮುಳ್ಳು ಗೀರಿದ ಕೈಯನ್ನು ಜೇಬಿಗೆ ಹಾಕಿಕೊಂಡ. ಆಕೆಯ ಕಂಬಳಿಯಲ್ಲೇ ಶಾಮೀದಸಾಬನನ್ನು ಹೊತ್ತು ಇಳಿಸಿದರು.

ಆಮೇಲೆ ದೇವೇಂದ್ರಪ್ಪ ಹದಿನೈದು ದಿನ ತಡೆದು, ಕೊನೆಗೆ ಶಾಮೀದಸಾಬನ ಮಂಚದ ಪಕ್ಕ ಕುಳಿತು ಇದ್ದದ್ದನ್ನು ಹೇಳಿದ. ಶಾಮೀದಸಾಬ ಪಟ್ಟಿ ಕಟ್ಟಿದ ಕಾಲನ್ನು ದಿಂಬಿನ ಮೇಲೆ ಸರಿಸಿಕೊಂಡ.

"ನನ್ನ ಕಾಲು ಕೂಡತೈತಿ ಬಿಡ್ರಿ. ಮೊದ್ಲ ಹೋಗಿ ಆ ಮುದುಕಿಗಿ ಹೇಳ್ರಿ."

ಮರುದಿನವೇ ಬಸ್ಸು ಹತ್ತಿದ. ಮಾರೆವ್ವ ಮನೆಯ ಮುಂದೆ ಬರಿಗೈಯಲ್ಲಿ ಕೂತಿದ್ದಳು. ಹಟ್ಟಿಯಲ್ಲಿ ಒಂದೂ ಆಡು ಇರಲಿಲ್ಲ.

"ಮಗಳ ಮನಿಗೆ ಹೊಡದು ಕಳಿಸೀನ್ರಿ. ಮರವು ಬಂದೈತಿ ನನಗ. ಇಟ್ಟ ಕಂಟಿ ಇಟ್ಟಿಲ್ಲ, ಇಡದ್ದು ಇಟ್ಟೀನಿ ಅನಸ್ತೈತಿ. ನಂಬಿದವರ ಕಾಲು ಮುರಿಸಿದೆ. ಇನ್ನ ಗುಡ್ಡ ಹತ್ತೂದಿಲ್ಲ."

ದೇವೇಂದ್ರಪ್ಪನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ಕಂಟಿ ಸರಿಸಿದಾಂವ ನಾನಬೇ. ನೀ ಇಟ್ಟಿದ್ದಿ. ನನ್ನದು ತಪ್ಪಾತು" ಎಂದ.

ಮಾರೆವ್ವ ಅವನನ್ನೇ ನೋಡಿದಳು. ಅವಳ ಕಣ್ಣು ತುಂಬಿ ಬಂತು.

"ಮುದುಕಿ ನೊಂದ್ಕೊಂಡಾಳಂತ ಇಷ್ಟು ದೂರ ಬಂದು ಸುಳ್ಳು ಹೇಳಾಕತ್ತೀರಲ್ರಿ. ಇಂಥಾ ಮನಸು ಯಾರಿಗೆ ಬರ್ತೈತಿ!"

"ಸುಳ್ಳಲ್ಲಬೇ, ನನ್ನ ಮಕ್ಕಳ ಆಣಿ..."

"ಬ್ಯಾಡ್ರಿ, ನನ್ನ ಸಲುವಾಗಿ ಮಕ್ಕಳ ಆಣಿ ಹಾಕಬ್ಯಾಡ್ರಿ" ಎಂದು ಅವಳು ಮಾತು ತಡೆದು, ಬಾಗಿ ಅವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು.