ನೆಟ್ಟಿಯ ಗಿಡ್ಡ ಕೋವಿಗೆ ತಕ್ಕ ಭಾರ

ಏಪ್ರಿಲ್ ಹನ್ನೊಂದು, ಬೆಳಿಗ್ಗೆ ಆರು ಗಂಟೆ ಹದಿನೇಳು ನಿಮಿಷ. ಆರ್ವಿಡ್ ಲಿಂಡ್‌ಕ್ವಿಸ್ಟ್ ತನ್ನ ಕೋವಿ ರಿಪೇರಿ ಅಂಗಡಿಯ ಹಿಂದಿನ ಮಣ್ಣುದಿಬ್ಬಕ್ಕೆ ಗುರಿಯಿಟ್ಟು, ಒಂದೇ ಒಂದು ಕಾಡತೂಸು ತುಂಬಿದ ಕೋವಿಯ ಕುದುರೆ ಎಳೆದ. ಬೋಲ್ಟ್ ಹಿಂದೆ ನಿಂತಿತೇ ಎಂದು ನೋಡಿದ. ನಿಂತಿರಲಿಲ್ಲ. ಜೇಬಿನಿಂದ ಪೆನ್ಸಿಲ್ ತೆಗೆದು ಲೆಕ್ಕದ ಪುಸ್ತಕದಲ್ಲಿ ಒಂದು ಸೊನ್ನೆ ಬರೆದ. ಗೋಡೆಯ ಉಷ್ಣಮಾಪಕ ಹದಿನಾಲ್ಕು ಡಿಗ್ರಿ ತೋರಿಸುತ್ತಿತ್ತು. ಆ ಮಾಪಕದಲ್ಲಿ ನೀರು ಮೂವತ್ತೆರಡಕ್ಕೇ ಗಟ್ಟಿಯಾಗುತ್ತದೆ.

ಕೋವಿ ನೆಟ್ಟಿ ಹಾಲ್ವರ್ಸನ್‌ಳದು. ಮೊಂಟಾನಾದ ಆ ಭಾಗದಲ್ಲಿ ಇನ್ನೂ ಕುರಿ ಸಾಕುವ ನಾಲ್ಕೈದು ಮೊಂಡರಲ್ಲಿ ಅವಳೊಬ್ಬಳು. ಟ್ರಕ್ಕಿನೊಳಗೆ ಕೂತೇ ತಿರುಗಿಸಲು ಬರಲಿ ಎಂದು ಗಿಡ್ಡ ನಳಿಗೆಯದನ್ನು ಮಾಡಿಸಿದ್ದಳು. ಮಾಮೂಲಿಗಿಂತ ಐದೂವರೆ ಅಂಗುಲ ಕಡಿಮೆ. ಆ ಐದೂವರೆ ಅಂಗುಲದಿಂದ ದೇಶಕ್ಕೇನು ಗಂಡಾಂತರವೆಂದು ಸರ್ಕಾರ ಏಳು ತಿಂಗಳು ಗಾಢವಾಗಿ ಯೋಚಿಸಿ ಅಪ್ಪಣೆ ಕೊಟ್ಟಿತ್ತು.

ಕುರಿಗಳು ಈಯುತ್ತಿದ್ದವು. ಒಂಬತ್ತು ದಿನದಲ್ಲಿ ಕಾಯೋಟಿಗಳು, ಅಂದರೆ ಅಲ್ಲಿನ ಸಣ್ಣ ತೋಳಗಳು, ಹದಿನಾಲ್ಕು ಮರಿ ಒಯ್ದಿದ್ದವು. ಹಿಂದಿನ ದಿನ ಬೆಳಿಗ್ಗೆ ನೆಟ್ಟಿಯ ಮೊದಲ ಗುಂಡು ತಪ್ಪಿತು. ಎರಡನೆಯದು ಬರಲೇ ಇಲ್ಲ. ಅವಳು ಬೋಲ್ಟ್ ಎಳೆದಾಡುತ್ತಿದ್ದಾಗ ಕಾಯೋಟಿ ಮರಿಯನ್ನು ಕಚ್ಚಿಕೊಂಡು, ಓಡುವ ಸೌಜನ್ಯವನ್ನೂ ತೋರದೆ, ನಡೆದೇ ಹೋಯಿತು. ಗುರುವಾರ ಮಂದೆ ಕೊಳ್ಳುವವನು ಬರುವವನಿದ್ದ. ಕೋವಿ ಸರಿಹೋಗದಿದ್ದರೆ ಎಲ್ಲವನ್ನೂ ಕೊಟ್ಟುಬಿಡುವುದೆಂದು ಅವಳು ನಿರ್ಧರಿಸಿದ್ದಳು.

ಈ ಬಗೆಯ ಕೋವಿಯಲ್ಲಿ ಗುಂಡು ಹಾರಿದಾಗ ನಳಿಗೆಯ ಬಿಸಿ ಅನಿಲ ಸ್ವಲ್ಪ ಹಿಂದಕ್ಕೆ ನುಗ್ಗಿ ಬೋಲ್ಟನ್ನು ತಳ್ಳುತ್ತದೆ. ಬೋಲ್ಟ್ ಹಿಂದೆ ಹೋಗುವಾಗ ಖಾಲಿ ಕಾಡತೂಸನ್ನು ಹೊರಗೆಸೆಯುತ್ತದೆ, ಮರಳುವಾಗ ಹೊಸದನ್ನು ಎಳೆದು ತರುತ್ತದೆ. ಅದರ ಬೆನ್ನಿಗಿರುವ ಗಿಡ್ಡ ಕೊಳವೆಯೇ ಬಫರ್; ಒಳಗೆ ಮೂರು ಲೋಹದ ತುಂಡುಗಳು. ಭಾರ ಹೆಚ್ಚಿದಷ್ಟೂ ಒದೆತ ಕಡಿಮೆ. ಭಾರ ಅತಿಯಾದರೆ ಬೋಲ್ಟ್ ಪೂರ್ತಿ ಹಿಂದೆ ಸರಿಯುವುದೇ ಇಲ್ಲ. ಕೊನೆಯ ಕಾಡತೂಸು ಹಾರಿದಾಗ ಪೂರ್ತಿ ಸರಿದ ಬೋಲ್ಟ್ ಹಿಂದೆಯೇ ನಿಲ್ಲುತ್ತದೆ; ಆರ್ವಿಡ್ ಒಂದೊಂದೇ ತುಂಬಿ ನೋಡುತ್ತಿದ್ದುದು ಅದನ್ನೇ.

ನೆಟ್ಟಿಯ ಅಳಿಯ ಕೋಲ್ಬಿ ಮೂರೂ ತುಂಡು ಟಂಗ್‌ಸ್ಟನ್ ಇರುವ, ಐದು ಪಾಯಿಂಟ್ ನಾಲ್ಕು ಔನ್ಸಿನ ಬಫರನ್ನು ಹಾಕಿಕೊಟ್ಟಿದ್ದ. ಅದಕ್ಕಿಂತ ಭಾರದ್ದು ಅವನು ಕೊಂಡ ಅಂಗಡಿಯಲ್ಲಿರಲಿಲ್ಲ, ಇದ್ದಿದ್ದರೆ ಅದನ್ನೇ ಹಾಕುತ್ತಿದ್ದ. ಹಿಂದಿನ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ, ಹಿತವಾದ ಬಿಸಿಲಲ್ಲಿ, ತನ್ನದೇ ಜೋರಾದ ದುಬಾರಿ ಕಾಡತೂಸು ಹಾಕಿ ಪರೀಕ್ಷಿಸಿಯೂ ಇದ್ದ. ಪಾಪ, ಕಾಯೋಟಿಗಳಿಗೆ ಆ ವೇಳಾಪಟ್ಟಿ ತಲುಪಿರಲಿಲ್ಲ.

ಹಿಂದಿನ ಸಂಜೆ ನೆಟ್ಟಿ ಕೋವಿ ತಂದುಕೊಟ್ಟಾಗ ಆರ್ವಿಡ್ ಅದನ್ನು ಬಿಚ್ಚಿಯೂ ನೋಡಿರಲಿಲ್ಲ.

"ಇದು ರಾತ್ರಿ ಎಲ್ಲಿ ಮಲಗುತ್ತೆ?" ಎಂದು ಕೇಳಿದ್ದ.

"ಟ್ರಕ್ಕಲ್ಲೇ. ಬೆಚ್ಚಗಿನ ಅಡುಗೆಮನೆಗೆ ತಂದ್ರೆ ಮೈಯೆಲ್ಲಾ ಬೆವರುತ್ತಲ್ಲ, ತುಕ್ಕು ಹಿಡಿಯುತ್ತೆ."

"ಹಾಗಾದ್ರೆ ಇವತ್ತೂ ಟ್ರಕ್ಕಲ್ಲೇ ಮಲಗ್ಲಿ. ಟ್ರಕ್ ಇಲ್ಲೇ ಬಿಟ್ಟು ಹೋಗು. ನಿನ್ನ ಕಾಡತೂಸಿನ ಡಬ್ಬಾನೂ ಬಿಡು."

"ಅದು ಅಗ್ಗದ ಮಾಲು ಕಣೋ."

"ಕಾಯೋಟಿಗೆ ಹೊಡೆಯೋದು ಅದರಲ್ಲೇ ತಾನೇ?"

ಹಾಗಾಗಿ ಈಗ ಈ ಚಳಿ, ಗಟ್ಟಿಯಾದ ಎಣ್ಣೆ, ಅಗ್ಗದ ಕಾಡತೂಸು. ಹತ್ತು ಬಾರಿ ಹಾರಿಸಿದ್ದರಲ್ಲಿ ಬೋಲ್ಟ್ ಹಿಂದೆ ನಿಂತದ್ದು ಮೂರು ಬಾರಿ. ಆರ್ವಿಡ್ ಬಫರಿನ ಪಿನ್ನು ತಟ್ಟಿ ತೆಗೆದು ಒಂದು ಟಂಗ್‌ಸ್ಟನ್ ತುಂಡಿನ ಬದಲು ಅದಕ್ಕಿಂತ ಹಗುರವಾದ ಉಕ್ಕಿನದನ್ನು ಇಟ್ಟ. ಬೇರೇನನ್ನೂ ಮುಟ್ಟಲಿಲ್ಲ. ಈ ಸಲ ಹತ್ತಕ್ಕೆ ಏಳು. ಇನ್ನೊಂದನ್ನು ಬದಲಿಸಿದ: ಮೂರು ಪಾಯಿಂಟ್ ಎಂಟು ಔನ್ಸ್, ಹತ್ತಕ್ಕೆ ಹತ್ತು. ಮೂರನೆಯದನ್ನೂ ಬದಲಿಸಿದಾಗ ಹತ್ತೇನೋ ಬಂತು, ಆದರೆ ಖಾಲಿ ಕಾಡತೂಸುಗಳು ಮುಂದಕ್ಕೆ ಚಿಮ್ಮಿ ಬೇಲಿ ದಾಟಿದವು, ಭುಜವೂ ನೊಂದಿತು. ಮತ್ತೆ ಮೂರು ಪಾಯಿಂಟ್ ಎಂಟಕ್ಕೇ ಮರಳಿ, ಇನ್ನೂ ಮೂವತ್ತು ಹಾರಿಸಿದ. ಬೆರಳ ತುದಿಗಳು ಮರಗಟ್ಟಿದ್ದವು. ಬರೆದ ಅಂಕಿಗಳು ಮಾತ್ರ ನೇರವಾಗಿದ್ದವು.

ಎಂಟು ಗಂಟೆಗೆ ಅಂಗಡಿಯ ಒಲೆಯ ಸುತ್ತ ಸಭೆ ಸೇರಿತು. ನೆಟ್ಟಿ ಬಂದಳು, ಕೋಲ್ಬಿ ಬಂದ. ವರ್ಜಿಲ್ ಬರುವ ಪ್ರಶ್ನೆಯಿರಲಿಲ್ಲ, ಅವನು ಇದ್ದೇ ಇದ್ದ. ನಿವೃತ್ತ ಅಂಚೆಯವನಾದ ಅವನು ಹನ್ನೊಂದು ವರ್ಷದಿಂದ ಆರ್ವಿಡನ ಕಾಫಿ ಕುಡಿದು ಪುಕ್ಕಟೆ ಸಲಹೆ ಕೊಡುತ್ತಿದ್ದ.

"ಭಾರ ಕಡಿಮೆ ಮಾಡಿದ್ರಾ?" ಕೋಲ್ಬಿ ಬಾಯಿಬಿಟ್ಟ. "ಗಿಡ್ಡ ನಳಿಗೆ ಅಂದ್ರೆ ಭಾರ ಜಾಸ್ತಿ ಬೇಕು ಅಂತ ಇಂಟರ್ನೆಟ್ಟಲ್ಲಿ ಸಾವಿರಾರು ಜನ ಹೇಳ್ತಾರೆ."

"ಅವರಲ್ಲಿ ಎಷ್ಟು ಜನ ನಿಮ್ಮತ್ತೆ ಟ್ರಕ್ಕಲ್ಲಿ ಕೂತಿದ್ರಂತೆ?" ಆರ್ವಿಡ್ ಕೇಳಿದ.

ವರ್ಜಿಲ್ ಲೋಟ ತುಂಬಿಸಿಕೊಂಡ. "ನಂದೂ ಭಾರದ್ದೇ ಕಣಯ್ಯ. ಯಾವತ್ತೂ ಕೈಕೊಟ್ಟಿಲ್ಲ."

"ನೀನು ಕೊನೇ ಸಲ ಹೊಡೆದಿದ್ದು ಯಾವಾಗ ಮಾರಾಯ?" ಎಂದಳು ನೆಟ್ಟಿ.

ವರ್ಜಿಲನಿಗೆ ಥಟ್ಟನೆ ಕಾಫಿಯಲ್ಲಿ ಅಪಾರ ಆಸಕ್ತಿ ಹುಟ್ಟಿತು.

"ಅತ್ತೆ, ವಾಪಸ್ ನಂದನ್ನೇ ಹಾಕ್ಸಿ," ಕೋಲ್ಬಿ ಬಿಡಲಿಲ್ಲ. "ಎಣ್ಣೆ ಬದಲಾಯಿಸಿದ್ರೆ ಸಾಕು. ನೂರಕ್ಕೆ ನೂರು ಗ್ಯಾರಂಟಿ."

ನೆಟ್ಟಿ ಆರ್ವಿಡನ ಕಡೆ ತಿರುಗಿದಳು. "ನೀನು ಹೇಳು. ಆ ಮಂದೆ ಕೊಳ್ಳೋನಿಗೆ ಫೋನ್ ಮಾಡಿ ಗುರುವಾರ ಬರಬೇಡ ಅನ್ಲಾ? ಗ್ಯಾರಂಟಿ ಕೊಡ್ತೀಯಾ?"

ನಲವತ್ತಮೂರು ವರ್ಷಗಳ ಕಸುಬಿನಲ್ಲಿ ಆರ್ವಿಡ್ ಯಾರಿಗೂ ಆ ಪದವನ್ನು ಕೊಟ್ಟಿರಲಿಲ್ಲ. ಅವನ ಹೆಂಡತಿ ಮದುವೆಗೆ ಮುಂಚೆ ಅದನ್ನೇ ಕೇಳಿ, ಉತ್ತರ ಸಿಗದೆ, ಹಾಗೇ ಮದುವೆಯಾಗಿದ್ದಳು. ಅವನು ಪುಸ್ತಕ ತೆರೆದು, ಅಂಕಿಗಳನ್ನು ಬೆರಳಿಟ್ಟು ಎಣಿಸಿ, ಅದರಲ್ಲಿದ್ದುದನ್ನು ಓದಿ ಹೇಳಿದ. ಕೋಲ್ಬಿ ನಕ್ಕ. ನೆಟ್ಟಿ ನಗಲಿಲ್ಲ. ಕೋವಿ ತೆಗೆದುಕೊಂಡು ಹೊರಗೆ ಹೋಗಿ, ಟ್ರಕ್ಕಿನಿಂದಲೇ ಮಂದೆ ಕೊಳ್ಳುವವನಿಗೆ ಫೋನ್ ಮಾಡಿದಳು.

ಆ ವಾರದ ಶನಿವಾರ ಬೆಳಗಿನ ಜಾವ ಅವಳ ಮೊದಲ ಗುಂಡು ಎಂದಿನಂತೆ ತಪ್ಪಿತು. ಎರಡನೆಯದು ಬಂತು, ತಪ್ಪಲಿಲ್ಲ. ಜೂನಿನಲ್ಲಿ ಮಂದೆ ಬೆಟ್ಟದ ಹುಲ್ಲಿಗೆ ಹತ್ತಿತು, ಅವಳದಾಗಿಯೇ.

ಆರ್ವಿಡ್ ಅವಳಿಗೆ ಅದೇನು ಮಾತು ಕೊಟ್ಟನೋ ಎಂದು ಊರಿನವರು ಈಗಲೂ ಬಣ್ಣ ಕಟ್ಟಿ ಹೇಳುತ್ತಾರೆ. ವರ್ಜಿಲನ ಪ್ರಕಾರ ಅದು ಹೆಚ್ಚುಕಡಿಮೆ ಒಂದು ಭಾಷಣ. ಆ ಬೆಳಿಗ್ಗೆಯ ಕೊನೆಯ ಮೂವತ್ತರಲ್ಲಿ ಒಂದು ಕಾಡತೂಸು ಸಿಡಿಯದೇ ಹೋಗಿತ್ತು. ತಪ್ಪು ಕೋವಿಯದಲ್ಲದಿದ್ದರೂ ಆರ್ವಿಡ್ ಅದನ್ನು ಲೆಕ್ಕದಿಂದ ಬಿಟ್ಟಿರಲಿಲ್ಲ. ಅವನು ಓದಿ ಹೇಳಿದ್ದು ಇಷ್ಟೇ:

"ನಲವತ್ತಕ್ಕೆ ಮೂವತ್ತೊಂಬತ್ತು."