ನಿಮ್ಮಲ್ಲಿ ಏನು ಕಾಣ್ತಿದೆ, ಓದಿ ಹೇಳಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಣ್ಣಾಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳು ಗುಡುಗುಟ್ಟುವ ಕೋಣೆಯ ಪಕ್ಕದಲ್ಲಿ, ಐವತ್ತು ದಾಟಿದ ಹೆಂಗಸೊಬ್ಬರು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಆ ಕಡೆ ಇರುವುದು ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟ ನರ್ಸ್. "ನನಗೆ ಕಾಣೋದು ಬಿಡಮ್ಮ, ನನ್ನ ಪರದೆ ಯಾವಾಗ್ಲೂ ನನ್ನನ್ನ ಮೆಚ್ಚಿಸೋಕೆ ನೋಡತ್ತೆ. ನಿಮ್ಮಲ್ಲಿ ಏನು ಕಾಣ್ತಿದೆ, ಓದಿ ಹೇಳಿ" ಎನ್ನುತ್ತಾರೆ. ಉತ್ತರ ಕೇಳಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಆಸ್ಪತ್ರೆಯಿಂದ ಆ ನರ್ಸಿಗೆ ಹೋದ ಮೇಲ್‌ನಲ್ಲಿ, 'ಯಾರಿಗೆ' ಎಂಬ ಸಾಲಿನಲ್ಲಿ, ಅವಳ ಹೆಸರಿನ ಬದಲು 'ಬಾಯಿಬಡುಕಿ' ಎಂದಿದೆ.

ಆಸ್ಪತ್ರೆಯವರೆಲ್ಲ ಇವರನ್ನು ಕರೆಯುವುದು ಹೆಸರಕ್ಕ ಎಂದು. ಮೇಲ್ ತಲುಪಿದವರಿಗೆ ತಮ್ಮ ಹೆಸರು ತಪ್ಪಾಗಿ ಕಂಡರೆ, ಅರ್ಧ ಕಂಡರೆ, ಬೇರೆಯವರದು ಕಂಡರೆ, ಅದನ್ನು ಸರಿಪಡಿಸುವುದು ಇವರ ಕೆಲಸ. "ಹೆಸರು ಸರಿ ಮಾಡೋಕೂ ಸಂಬಳ ಕೊಡ್ತಾರಾ?" ಎಂದು ಮನೆಯಲ್ಲಿ ಅತ್ತೆ ಇಂದಿಗೂ ಕೇಳುತ್ತಾರಂತೆ. ಕೊಡುತ್ತಾರೆ, ಧಾರಾಳವಾಗಿ ಅಲ್ಲ. ದಿನಕ್ಕೆ ಮೂವತ್ತು ನಲವತ್ತು ದೂರು ಬರುತ್ತವೆ, ಸೋಮವಾರ ಇನ್ನೂ ಜಾಸ್ತಿ.

ಇವರ ವಿದ್ಯೆಯ ತಿರುಳನ್ನು ಅವರ ಬಾಯಲ್ಲೇ ಕೇಳಬೇಕು. "ಹೆಸರು ಒಂದು ಕಡೆ ಇರಲ್ಲ ಸ್ವಾಮಿ. ಆಸ್ಪತ್ರೆಯ ದೊಡ್ಡ ವಿಳಾಸ ಪುಸ್ತಕದಲ್ಲಿ ಒಂದಿರತ್ತೆ. ಕಳಿಸೋರ ಸ್ವಂತ ಸಣ್ಣ ಪುಸ್ತಕದಲ್ಲಿ ಇನ್ನೊಂದು. ಎರಡಕ್ಷರ ಹೊಡೆದ ತಕ್ಷಣ 'ಇವರಾ?' ಅಂತ ತಾನೇ ಮುಂದೆ ಬಂದು ನಿಲ್ಲತ್ತಲ್ಲ, ಆ ನೆನಪಲ್ಲಿ ಮತ್ತೊಂದು. ಒಂದು ಕಡೆ ತಿದ್ದಿ ಕೈ ತೊಳ್ಕೊಂಡ್ರೆ ಇನ್ನೊಂದು ಕಡೆಯಿಂದ ಇಣುಕತ್ತೆ."

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಕಳಿಸುವವರು ತಮ್ಮ ಪುಸ್ತಕದಲ್ಲಿ ನಿಮ್ಮನ್ನು ಏನೆಂದು ಬರೆದಿಟ್ಟುಕೊಂಡಿದ್ದಾರೋ ಆ ಹೆಸರು ಅಲ್ಲೇ ಕೂರುವುದಿಲ್ಲ, ಮೇಲ್ ಜೊತೆಗೆ ಹೊರಟು ನಿಮ್ಮ ಮನೆ ಬಾಗಿಲಿಗೇ ಬಂದುಬಿಡುತ್ತದೆ. ಈ ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಓದುಗರು ಈ ಪುಟ ಮಡಚಿಟ್ಟ ಕೂಡಲೇ ತಮ್ಮ ಮೇಲಧಿಕಾರಿಯನ್ನು ಏನೆಂದು ಬರೆದಿಟ್ಟಿದ್ದೇವೆ ಎಂದು ಒಮ್ಮೆ ನೋಡಿಕೊಳ್ಳುವುದು ಕ್ಷೇಮ. ನಾನಂತೂ ನೋಡಿಕೊಂಡೆ, ಬೆವರೊರೆಸಿಕೊಂಡು ಬದಲಾಯಿಸಿದೆ.

ಹೆಸರಕ್ಕ ಮೊದಲು ಇದೇ ನೆಲಮಾಳಿಗೆಯಲ್ಲಿ ದರ್ಜಿ. ವೈದ್ಯರ, ದಾದಿಯರ ಬಿಳಿ ಕೋಟುಗಳ ಎದೆಯ ಮೇಲೆ ನೀಲಿ ದಾರದಲ್ಲಿ ಹೆಸರು ಹೊಲಿಯುತ್ತಿದ್ದರು. ಹೊಲಿಗೆ ಕೋಣೆ ಮುಚ್ಚಿದಾಗ ಜೊತೆಯವರೆಲ್ಲ ಮನೆಗೆ ಹೋದರು. ಆ ಹೊತ್ತಿಗೆ ಗಂಡನ ಬೆನ್ನು ಮುರಿದು, ಪೀಠೋಪಕರಣ ಸಾಗಿಸುವ ಕೆಲಸ ಕೈಬಿಟ್ಟಿತ್ತು. "ನಾನು ಹೋಗಲ್ಲ ಅಂದೆ. ಇಲ್ಲಿರೋ ಅಷ್ಟೂ ಜನರ ಹೆಸರು ನನ್ನ ಬೆರಳಿಗೆ ಗೊತ್ತಿದೆ, ಆ ಕಂಪ್ಯೂಟರಿಗೆ ಗೊತ್ತಾ ಅಂತ ಕೇಳ್ದೆ" ಎಂದು ನೆನೆಯುತ್ತಾರೆ. ಹೆಸರುಗಳನ್ನು ಟೈಪು ಮಾಡಲು ಕೂರಿಸಿದರು. ಉಳಿದದ್ದನ್ನು ಕಂಪ್ಯೂಟರ್ ಕೋಣೆಯವರು ಕಲಿಸಿದರು, ಇವರು ಕೇಳಿ ಕೇಳಿ ಅವರ ತಲೆ ತಿಂದು ಕಲಿತರು. ತಲೆ ತಿಂದದ್ದಕ್ಕೆ ಅವರಿಗೇನೂ ಬೇಸರವಿಲ್ಲ, ಈಗ ಹೆಸರಿನ ದೂರೆಲ್ಲ ಇವರ ಪಾಲು.

ಅಂದಿನಿಂದ ಇವರದು ಒಂದೇ ಪಟ್ಟು. ತಿದ್ದಿದ ಮೇಲೆ ತಮ್ಮ ಪರದೆಯನ್ನು ನಂಬುವುದಿಲ್ಲ. ಮೇಲ್ ಮುಟ್ಟಿದವರಿಗೆ ಫೋನು ಮಾಡಿ, ಅವರಿಂದಲೇ ಓದಿಸಿ ಕೇಳುತ್ತಾರೆ. ಒಂದೇ ಒಂದು ಸಲ ಕೇಳಲಿಲ್ಲ. ಆ ಕತೆಯನ್ನು ಹೇಳಲು ಸಂಬಂಧಪಟ್ಟವರೆಲ್ಲ ಒಪ್ಪಿದ್ದಾರೆ.

ಕಳೆದ ವರ್ಷ ನಡುವಯಸ್ಸು ದಾಟಿದ ಬಸ್ ಚಾಲಕರೊಬ್ಬರು ವಿಚಾರಣೆ ಕೌಂಟರಿಗೆ ಬಂದು, "ನನ್ನ ಹೆಸರು ತೆಗೆದುಬಿಡಿ" ಎಂದರು. ಹೆಸರಿನ ಸುದ್ದಿ ಎಂದರೆ ಸಾಕು, ಕೌಂಟರಿನವರು ನೆಲಮಾಳಿಗೆಗೆ ಕೈ ತೋರಿಸುತ್ತಾರೆ. ಚಾಲಕರ ಕಣ್ಣಿನೊಳಗೆ ಒತ್ತಡ ಏರುತ್ತಿತ್ತು. ಹೋದ ದೃಷ್ಟಿ ಮರಳಿ ಬರುವುದಿಲ್ಲ, ಉಳಿದದ್ದನ್ನು ಉಳಿಸಲು ಬೇಗ ಶಸ್ತ್ರಚಿಕಿತ್ಸೆ ಆಗಬೇಕು ಎಂದು ವೈದ್ಯರು ಹೇಳಿದ್ದರು. ದಿನಾಂಕ ತಿಳಿಸುವ ಮೇಲ್ ಹೋಗಿತ್ತು. ಅವರು ಒಪ್ಪಿಗೆ ಬರೆಯದೆ ಆ ದಿನಾಂಕ ಬೇರೆಯವರ ಪಾಲಾಗಿತ್ತು.

ಅವರು ಫೋನನ್ನು ಹೆಸರಕ್ಕನ ಮುಂದೆ ಹಿಡಿದರು. ಕಣ್ಣು ಮಂಜಾದವರು ಅಕ್ಷರಗಳನ್ನು ದೊಡ್ಡದು ಮಾಡಿಕೊಂಡು ಓದುತ್ತಾರೆ. ಇಡೀ ಪರದೆ ತುಂಬ ಎರಡೇ ಪದ, 'ಯಾರೋ ಒಬ್ಬ'.

"ಆಪರೇಷನ್ನು ಬೇಡ, ಏನೂ ಬೇಡ" ಎಂದರು ಚಾಲಕರು. ಹೆಸರಕ್ಕ ಅವರನ್ನು ಕೂರಿಸಿ ಸಮಾಧಾನ ಮಾಡಿದರು. ದೊಡ್ಡ ಪುಸ್ತಕ ತೆರೆದರೆ ಅಲ್ಲಿ ಹೆಸರು ಅರ್ಧಂಬರ್ಧ ಇತ್ತು. ತಿದ್ದಿದರು. ತಮ್ಮ ಪರದೆಯಲ್ಲಿ ಚೊಕ್ಕವಾಗಿ ಕಂಡಿತು. "ಹೋಗಿ ಬನ್ನಿ, ಹೊಸ ದಿನಾಂಕದ ಮೇಲು ನಿಮ್ಮ ಹೆಸರಲ್ಲೇ ಬರತ್ತೆ, ನನ್ನ ಮಾತು" ಎಂದು ಕಳಿಸಿದರು. ಆ ದಿನ ವೈದ್ಯರ ಮೇಲ್‌ಗಳೆಲ್ಲ ಕೆಟ್ಟು ಕೂತಿದ್ದವು, ಎಲ್ಲರೂ ಇವರ ಬಾಗಿಲಲ್ಲೇ ನಿಂತಿದ್ದರು. ಆ ಗಡಿಬಿಡಿಯಲ್ಲಿ, ಮೇಲ್ ಹೋದ ಮೇಲೆ ಫೋನು ಮಾಡಿ ಓದಿಸುವುದು ಬಿಟ್ಟೇಹೋಯಿತು.

ಎರಡನೇ ಮೇಲ್ ಕೂಡ 'ಯಾರೋ ಒಬ್ಬ' ಎಂದೇ ಹೋಗಿತ್ತು. ಚಾಲಕರು ಫೋನು ಎತ್ತುವುದನ್ನೇ ನಿಲ್ಲಿಸಿದರು. ಇದು ಹೆಸರಕ್ಕನಿಗೆ ತಿಳಿದದ್ದು ಕಣ್ಣಿನ ವೈದ್ಯರು ಖುದ್ದಾಗಿ ನೆಲಮಾಳಿಗೆಗೆ ಇಳಿದು, ಆ ರೋಗಿ ಒಪ್ಪಿಗೆ ಬರೆಯಲು ಇಂದೇ ಕೊನೆಯ ದಿನ, ಇದೂ ತಪ್ಪಿದರೆ ಆ ಕಣ್ಣು ಉಳಿಯುವುದು ಕಷ್ಟ ಎಂದಾಗ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ದೆ ನಾನು. ತಪ್ಪಿದ್ದದ್ದು ಒಂದು ಪುಸ್ತಕದಲ್ಲಿ, ತಿದ್ದಿದ್ದು ಇನ್ನೊಂದನ್ನ" ಎನ್ನುತ್ತಾರೆ.

ತಕ್ಷಣ ಎರಡನೇ ಮಹಡಿಗೆ ಹತ್ತಿದರು. ಶಸ್ತ್ರಚಿಕಿತ್ಸೆಯ ದಿನಾಂಕ ಗೊತ್ತುಮಾಡುವ ಮೇಜು ಅಲ್ಲಿದೆ. ಮೇಜಿನ ಎಲ್ಲ ಗುಮಾಸ್ತರೂ ಬಳಸುವುದು ಒಂದೇ ಕಂಪ್ಯೂಟರ್, ಒಂದೇ ಮೇಲ್ ಖಾತೆ. ಹೆಸರಕ್ಕ ಕುರ್ಚಿ ಎಳೆದುಕೊಂಡು ಚಾಲಕರ ವಿಳಾಸದ ಮೊದಲ ಎರಡಕ್ಷರ ಹೊಡೆದರು. 'ಯಾರೋ ಒಬ್ಬ' ಎಂದು ಯಂತ್ರ ತಾನಾಗಿ ಮುಂದೆ ತಂದು ನಿಲ್ಲಿಸಿತು. ಬೆನ್ನ ಹಿಂದೆ ಯಾರೋ ಉಸಿರು ಎಳೆದುಕೊಂಡ ಸದ್ದು. ತಿರುಗಿದರೆ ಆ ಮೇಜಿನ ಕಿರಿಯ ಗುಮಾಸ್ತೆ, ಮುಖದಲ್ಲಿ ರಕ್ತವಿಲ್ಲ.

"ಅದು ನಾನು ಬರ್ದಿದ್ದು" ಎಂದಳು ಹುಡುಗಿ. "ಅವ್ರು ನಮ್ಮಪ್ಪ."

ತಾಯಿ ತೀರಿಕೊಂಡ ಮೇಲೆ ಅಪ್ಪ ಆಕೆಯ ಹಾರ್ಮೋನಿಯಂ ಪೆಟ್ಟಿಗೆಯನ್ನು ಇವಳನ್ನು ಕೇಳದೆ ಯಾರಿಗೋ ಕೊಟ್ಟುಬಿಟ್ಟಿದ್ದರು. ಮನೆಯಲ್ಲಿ ದೊಡ್ಡ ಜಗಳ. ಮಾರನೇ ದಿನ ಕೆಲಸಕ್ಕೆ ಬಂದವಳೇ ಸಿಟ್ಟಿನ ಭರದಲ್ಲಿ ಮೇಜಿನ ಸಣ್ಣ ವಿಳಾಸ ಪುಸ್ತಕದಲ್ಲಿ ತಾನೇ ಹಿಂದೆ ಸೇರಿಸಿದ್ದ 'ಅಪ್ಪ'ನನ್ನು ಅಳಿಸಿ 'ಯಾರೋ ಒಬ್ಬ' ಎಂದು ಬರೆದಳು, ಬೇರೆ ಮನೆ ಮಾಡಿದಳು. ಬರೆದದ್ದು ಆ ಪರದೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎಂದುಕೊಂಡಿದ್ದಳು. ಆಮೇಲೆ ಮರೆತೂ ಬಿಟ್ಟಳು. ಅಪ್ಪ ಇಲ್ಲಿಗೇ ರೋಗಿಯಾಗಿ ಬಂದದ್ದು ಗೊತ್ತಾದಾಗ, ಮೇಲ್ ಕಳಿಸುವ ಕೆಲಸವನ್ನು ಎದುರು ಕೂರುವ, ವಿಳಾಸ ಬಿಟ್ಟು ಹೆಸರಿನ ಕಡೆ ನೋಡದ ಮೀಸೆ ಗುಮಾಸ್ತರಿಗೆ ಬಿಟ್ಟು, ಶಸ್ತ್ರಚಿಕಿತ್ಸೆಯ ದಿನ ಹೋಗಿ ಮಾತಾಡಿಸೋಣ ಎಂದು ಕಾದಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಆಡದ ಮಾತೂ ಹೋಗಿಬಿಟ್ಟಿತ್ತು, ಅದೂ ಎರಡು ಸಲ. ಮಗಳು ಕೂರುವ ಮೇಜಿನಿಂದ ಬಂದದ್ದು, ಅವಳೇ ಬರೆದು ಕಳಿಸಿದ್ದು ಎಂದೇ ಅಪ್ಪ ತಿಳಿದಿದ್ದರು.

ಹೆಸರಕ್ಕ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಯಂತ್ರದ ನೆನಪಿನಲ್ಲಿದ್ದದ್ದನ್ನು ಅಳಿಸಿದರು, ಸಣ್ಣ ಪುಸ್ತಕದ ಹೆಸರನ್ನೂ ಅಳಿಸಿದರು. ಖಾಲಿ ಜಾಗದಲ್ಲಿ ಗೆರೆಯೊಂದು ಮಿಣುಕುತ್ತಿತ್ತು. ಕುರ್ಚಿಯಿಂದ ಎದ್ದು, "ಕೂತ್ಕೋ. ನೀನೇ ಬರಿ" ಎಂದರು. ಹುಡುಗಿ ಬರೆದಳು. ಮೇಲ್ ಹೋಯಿತು. ಹೆಸರಕ್ಕ ಚಾಲಕರಿಗೆ ಫೋನು ಮಾಡಿದರು, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದರು. ಕೆಳಗೆ ಯಾರ್‍ಯಾರೋ ಕಾಯುತ್ತಿದ್ದರು, ಇವರು ಆ ಮೇಜು ಬಿಟ್ಟು ಕದಲಲಿಲ್ಲ.

ಆಮೇಲೆ ಫೋನು ಅವರದೇ ಬಂತು. ಹೆಸರಕ್ಕ ಸದ್ದು ಜೋರು ಮಾಡಿ ಮೇಜಿನ ಮೇಲಿಟ್ಟು, ಎಂದಿನ ಪ್ರಶ್ನೆ ಕೇಳಿದರು. "ನಿಮ್ಮಲ್ಲಿ ಏನು ಕಾಣ್ತಿದೆ, ಓದಿ ಹೇಳಿ."

ಚಾಲಕರು ಓದಿದರು. "ಅಪ್ಪ ಅಂತ ಕಾಣ್ತಿದೆ."

ಹುಡುಗಿ ಫೋನಿನ ಮೇಲೆ ಬಾಗಿ ಗಳಗಳನೆ ಅತ್ತಳು. ಮೀಸೆ ಗುಮಾಸ್ತರು ಕಿಟಕಿಯತ್ತ ತಿರುಗಿ ಮೂಗು ಒರೆಸಿಕೊಂಡರು.

ಅಂದೇ ಒಪ್ಪಿಗೆ ಬರೆದ ಚಾಲಕರ ಕಣ್ಣು ಉಳಿದಿದೆ. ತಪಾಸಣೆಗೆಂದು ಬಂದವರು ಕಾಯುವ ಕೋಣೆಯಲ್ಲಿ ನನಗೆ ಸಿಕ್ಕರು, ಕೈಯಲ್ಲಿ ಮಗಳ ಊಟದ ಡಬ್ಬಿ. "ಹಾರ್ಮೋನಿಯಂ ಕೊಟ್ಟಿದ್ದು ನನ್ನದೇ ತಪ್ಪು. ಮನೇಲಿ ಅದನ್ನ ನೋಡೋಕಾಗ್ತಿರ್ಲಿಲ್ಲ. ಹಾಗಂತ ಅವಳಿಗೆ ಹೇಳ್ಬೇಕಿತ್ತು, ಹೇಳ್ಲಿಲ್ಲ" ಎಂದರು. ಫೋನಿನ ಅಕ್ಷರಗಳು ಈಗಲೂ ಅಷ್ಟೇ ದೊಡ್ಡವು.

ಹೆಸರಕ್ಕನಿಗೆ ಹೆಚ್ಚಿನ ಆಸೆಗಳಿಲ್ಲ. ನೆಲಮಾಳಿಗೆಗೊಂದು ಕಿಟಕಿ ಇದ್ದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ, ಆಗದ ಮಾತು ಎಂದು ತಾವೇ ನಗುತ್ತಾರೆ. ಎದ್ದು ಹೊರಡುವ ಮುಂಚೆ ನಾನೊಂದು ತಕರಾರು ತೆಗೆದೆ. ರೋಗಿಗಳ ಹೆಸರು ಕಡತದಲ್ಲಿರುವಂತೆಯೇ ಹೋಗಬೇಕು ಎಂಬುದು ಆಸ್ಪತ್ರೆಯ ನಿಯಮ, ಅದನ್ನು ಕಾಯುವವರೇ ಇವರು. ಆ ಮೇಜಿನಿಂದ ಚಾಲಕರಿಗೆ ಯಾರು ಮೇಲ್ ಕಳಿಸಿದರೂ ಇವತ್ತಿಗೂ 'ಅಪ್ಪ' ಎಂದೇ ಹೋಗುತ್ತದೆ. ಚಾಲಕರಿಗಿಂತ ಹಿರಿಯರಾದ ಮೀಸೆ ಗುಮಾಸ್ತರು ಕಳಿಸಿದರೂ ಅಷ್ಟೇ. ಇದು ತಪ್ಪಲ್ಲವೇ ಎಂದೆ.

"ತಪ್ಪೇ. ಗೊತ್ತಿದ್ದೂ ತಿದ್ದದೇ ಬಿಟ್ಟಿರೋದು ಇದೊಂದೇ" ಎಂದು ಹೆಸರಕ್ಕ ಮುಂದಿನ ದೂರಿನ ಫೋನು ಎತ್ತಿಕೊಂಡರು. "ಎಲ್ಲಿ ಸರಿಯಾಗಿ ಕಾಣ್ಬೇಕೋ ಅಲ್ಲಿ ಸರಿಯಾಗೇ ಕಾಣ್ತಿದೆಯಲ್ಲ, ಇರ್ಲಿ ಬಿಡಿ."